ಗೂಬೆ ನಾಣ್ಯದ ಹಸಿರು

ಆಶ್ವಯುಜ ಶುದ್ಧ ಅಷ್ಟಮಿ. ಮೋಡವಿಲ್ಲ, ಚುರುಕು ಬಿಸಿಲು, ಪಡುವಣ ಗಾಳಿ.

ಬಹಳ ಬಹಳ ಹಿಂದಿನ ಮಾತು. ಕಡಲಂಚಿನ ಸಿರಿವೊಳಲು ರಾಜ್ಯದಲ್ಲಿ ಬೊಪ್ಪಣ್ಣನೆಂಬವನಿದ್ದ. ಯವನರ ಹಡಗು ಬಂತೆಂದರೆ ಉಣ್ಣುವುದನ್ನು ಬಿಟ್ಟು ಓಡುವನು. ಅವರ ಹಳೆಯ ಕಂಚಿನ ನಾಣ್ಯ ಕೂಡಿಡುವ ಹುಚ್ಚು ಅವನಿಗೆ. ಗೂಬೆಯ ಮುದ್ರೆಯದೊಂದನ್ನಂತೂ ಒಂಬತ್ತು ವರ್ಷ ಅಲೆದು ಗಳಿಸಿದ್ದ. “ಈ ಹಸಿರು ಕಿಲುಬೇ ಇದರ ವಯಸ್ಸು” ಎನ್ನುವನು, ಯಾರಿಗೂ ಮುಟ್ಟಗೊಡನು.

ನಾಳೆ ಮಹಾನವಮಿ. ಹೆಂಡತಿ ನಾಗಲೆ ಮನೆಯ ಕಂಚನ್ನೆಲ್ಲ ಹುಣಸೆಹಣ್ಣಿನಿಂದ ತಿಕ್ಕಿದಳು. ನಾಣ್ಯಗಳನ್ನೂ ಬಿಡಲಿಲ್ಲ.

“ಅಯ್ಯೋ, ಸಾವಿರ ವರ್ಷ ತೊಳೆದುಬಿಟ್ಟೆಯಲ್ಲೇ!”

“ಕಿಲುಬು ಹಿಡಿದದ್ದನ್ನ ದೇವರ ಮುಂದೆ ಇಡೋದೇ? ಗೂಬೆ ಒಂದೇ ಬಾಕಿ, ಕೊಡಿ ಇಲ್ಲಿ.”

ಅವಳು ಕೈಚಾಚಿದ್ದೇ ತಡ, ಸುಂಟರಗಾಳಿ ಎದ್ದಿತು. ನಾಗಲೆ ನಾಣ್ಯವಾಗಿ ಊರಾಚೆಯ ಕಂಚುಗಿರಿಯತ್ತ ಹಾರಿಹೋದಳು. ಉಳಿದದ್ದು ಹುಣಸೆಯ ಉಂಡೆ. ಅದನ್ನೂ ಗೂಬೆಯನ್ನೂ ಸೊಂಟಕ್ಕೆ ಕಟ್ಟಿ ಬೊಪ್ಪಣ್ಣ ಓಡಿದ.

ಗಿರಿಯ ಮೇಲೆ ಮಾಂತ್ರಿಕ ಕಪಿಲಾಕ್ಷ ಕೂತಿದ್ದ. “ಮೂರು ಪರೀಕ್ಷೆ ಗೆದ್ದರೆ ಹೆಂಡತಿ ನಿನಗೆ. ಸೋತರೆ ಗೂಬೆ ನನಗೆ, ನೀನೂ ನಾಣ್ಯವಾಗಿ ನನ್ನ ಪೆಟ್ಟಿಗೆಗೆ!”

ಮೊದಲ ಬಾಗಿಲಲ್ಲಿ ಆನೆಯಷ್ಟು ದೊಡ್ಡ ಕಂಚಿನ ಏಡಿ. “ನಾನೆಲ್ಲಿಯವನು?”

“ಯವನರ ಸಿಸಿಲಿ ದ್ವೀಪದ ಅಕ್ರಗಾಸ್ ಪಟ್ಟಣದ ನಾಣ್ಯದವನು. ನಿನ್ನ ಇನ್ನೊಂದು ಮಗ್ಗುಲಲ್ಲಿ ಹದ್ದಿದೆ!”

ಏಡಿ ಪಕ್ಕಕ್ಕೆ ಸರಿಯಿತು.

ಎರಡನೆಯ ಬಾಗಿಲಲ್ಲಿ ಮನುಷ್ಯಮುಖದ ಗೂಳಿ. “ನನ್ನನ್ನು ಕೊಟ್ಟು ಜನ ಏನು ಕೊಂಡರು?”

“ಬೆಳ್ಳಿ ನಾಣ್ಯ ಸಿರಿವಂತರಿಗೆ. ಕಂಚಿನ ನೀನು ತಂದದ್ದು ಮೀನು, ರೊಟ್ಟಿ, ಈರುಳ್ಳಿ. ಎಷ್ಟು ಬಡವರ ಅಂಗೈ ಬೆವರು ಕುಡಿದಿದ್ದೀಯಪ್ಪಾ!”

ಗೂಳಿ ಕಣ್ಣೀರು ಸುರಿಸಿ ದಾರಿ ಬಿಟ್ಟಿತು.

ಮೂರನೆಯ ಬಾಗಿಲಲ್ಲಿ ಸಾವಿರ ಹಸಿರು ನಾಣ್ಯ. ಮಾಂತ್ರಿಕನೇ ಕೇಳಿದ: “ಇವುಗಳಲ್ಲಿ ನಿನ್ನ ಹೆಂಡತಿ ಯಾರು?”

ಬೊಪ್ಪಣ್ಣ ಬಗ್ಗಿ ಒಂದೊಂದನ್ನೇ ಮೂಸಿದ. ಒಂದರಲ್ಲಿ ಹುಣಸೆಯ ವಾಸನೆ! ಎತ್ತಿಕೊಂಡ. ನಾಣ್ಯ ಮಾತಾಡಿತು: “ಈ ಮಾಂತ್ರಿಕನ ಪ್ರಾಣ ಗೂಬೆಯ ಕಿಲುಬಿನಲ್ಲಿದೆ. ಅದನ್ನ ತಿಕ್ಕಹೋದೆನೆಂದೇ ನನ್ನನ್ನ ಹಿಡಿದ. ಈಗಲಾದರೂ ತಿಕ್ಕಿ ಅಂದ್ರೆ!”

“ಬೇಡವೋ!” ಮಾಂತ್ರಿಕ ಕಿರುಚಿದ. “ನಾಣ್ಯ ಬಲ್ಲವನು ತಿಕ್ಕುತ್ತಾನೇನೋ!”

ಬೊಪ್ಪಣ್ಣ ಸೊಂಟದ ಗಂಟು ಬಿಚ್ಚಿದ. ಬೆವರಿಗೆ ಹುಣಸೆ ನೆನೆದಿತ್ತು. ಕಣ್ಣುಮುಚ್ಚಿ ತಿಕ್ಕಿದ, ತಿಕ್ಕಿದ, ತಿಕ್ಕಿದ. ಕಪಿಲಾಕ್ಷ ಹಸಿರು ಪುಡಿಯಾಗಿ ಗಾಳಿಗೆ ಹಾರಿದ. ಸಾವಿರ ನಾಣ್ಯಗಳೂ ಸಾವಿರ ಜನರಾಗಿ ಎದ್ದು ನಿಂತರು. ನಾಗಲೆ ಎಲ್ಲರಿಗಿಂತ ಮುಂದೆ!

ಆ ವರ್ಷ ಸಿರಿವೊಳಲಿನಲ್ಲಿ ಸಾವಿರ ಮನೆಗಳಿಗೆ ಹಬ್ಬ ಮರಳಿತು. ಅರಸ ಬೊಪ್ಪಣ್ಣನನ್ನು ಕರೆಸಿ ಕೇಳಿದ: “ಇಷ್ಟು ಜನರನ್ನು ಬಿಡಿಸಲು ಏನು ತೆತ್ತೆಯಪ್ಪಾ?”

ಬೊಪ್ಪಣ್ಣ ಅಂಗೈ ಬಿಚ್ಚಿದ. ಗೂಬೆ ನಿನ್ನೆ ಎರಕ ಹೊಯ್ದಂತೆ ಫಳಫಳ ಹೊಳೆಯಿತು.

“ಇದರ ವಯಸ್ಸು, ಪ್ರಭು.”