ಮತ್ತೆ ಅಂಟಿಸಿದ ಕಾರ್ಡು

“ನೀರಿಗಾ? ನಮ್ಮ ಮುತ್ತಜ್ಜನ ಕಾರ್ಡನ್ನ ನೀರಿಗೆ ಹಾಕ್ತಿದ್ದೀರಾ?” ಲೊರೇನ್ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ರಸೆಲ್ ಕನ್ನಡಕದ ಮೇಲಿಂದ ನೋಡಿದ. “ಮೆಲ್ಲಗೆ ಮೇಡಂ, ಕಾರ್ಡಲ್ಲಿರೋ ಆಟಗಾರ ಹೆದರ್ಕೊಳ್ತಾನೆ.”

ಹಿಂದಿನ ಕಾಲದಲ್ಲಿ ಸಿಗರೇಟ್ ಪ್ಯಾಕಿನೊಳಗೆ ಬರುತ್ತಿದ್ದ ಬೇಸ್‌ಬಾಲ್ ಕಾರ್ಡುಗಳವು. ಮುತ್ತಜ್ಜ ಹುಡುಗನಾಗಿದ್ದಾಗ ಮೈದಾ ಅಂಟು ಹಚ್ಚಿ ಪುಸ್ತಕಕ್ಕೆ ಮೆತ್ತಿಟ್ಟಿದ್ದ. ಡೇಟನ್ ಊರಿನ ಕಾರ್ಡ್ ಮೇಳಕ್ಕೆ ಲೊರೇನ್ ಅದನ್ನು ಮಾರಲು ಒಯ್ದಾಗ ಎಲ್ಲರೂ “ಅಂಟಿಸಿದ್ದು ಬೇಡಮ್ಮ” ಅಂದಿದ್ದರು. ರಸೆಲ್ ಒಬ್ಬನೇ “ಬಿಡಿಸಿಕೊಡ್ತೀನಿ” ಎಂದು ಅವಳ ಅಡುಗೆಮನೆಗೆ ಬಂದಿದ್ದ.

ಬಟ್ಟಲಿನ ತಣ್ಣೀರಲ್ಲಿ, ಕತ್ತರಿಸಿದ ಹಾಳೆಯ ತುಂಡಿನ ಸಮೇತ ಕಾರ್ಡು ಮಲಗಿತ್ತು. ಎಳೆಯಬಾರದು, ಅದಾಗಿಯೇ ಬಿಡಬೇಕು. ಕಾಯುತ್ತ ಕಾಯುತ್ತ ಕಾಫಿಯಾಯಿತು, ಮಾತಾಯಿತು. ಬಿಟ್ಟುಹೋದ ಅವಳ ಗಂಡ, ರಸೆಲ್‌ನ ತೀರಿಕೊಂಡ ಹೆಂಡತಿ, ಇಬ್ಬರೂ ಮಾತಿನಲ್ಲಿ ಬಂದುಹೋದರು. ಕೊನೆಗೆ ಹಾಳೆ ಕಾರ್ಡನ್ನು ಕೈಬಿಟ್ಟಿತು. ಲೊರೇನ್ ಮಗುವಿನಂತೆ ಚಪ್ಪಾಳೆ ತಟ್ಟಿದಳು. ರಸೆಲ್ ಕಾರ್ಡು ನೋಡುವುದು ಬಿಟ್ಟು ಅವಳನ್ನೇ ನೋಡಿದ.

ಆಮೇಲೆ ಪ್ರತಿ ಭಾನುವಾರ ಒಂದೊಂದೇ ಕಾರ್ಡು. “ಅವಸರ ಮಾಡಿದ್ರೆ ಬಣ್ಣ ಹೋಗುತ್ತೆ” ಎನ್ನುತ್ತಿದ್ದ.

ಹಿಮ ಕರಗುವ ಹೊತ್ತಿಗೆ ಪುಸ್ತಕ ಖಾಲಿಯಾಯಿತು. ಬಾಗಿಲಲ್ಲಿ ಟೋಪಿ ಹಾಕಿಕೊಂಡು, “ಸರಿ ಹಾಗಾದ್ರೆ” ಎಂದಷ್ಟೇ ಹೇಳಿ ಅವನು ಹೊರಟ. ಇನ್ನು ಇವನು ಯಾಕೆ ಬರುತ್ತಾನೆ? ಲೊರೇನಳಿಗೆ ವಾರವಿಡೀ ಊಟ ಸೇರಲಿಲ್ಲ. ಶನಿವಾರ ಫೋನ್ ಮಾಡಿದಳು. “ಪುಸ್ತಕದ ಕೊನೇ ಹಾಳೆಯಲ್ಲಿ ಇನ್ನೊಂದು ಉಳಿದಿತ್ತು, ನೋಡೇ ಇರ್ಲಿಲ್ಲ.”

ರಸೆಲ್ ಬಂದ. ಹಾಳೆ ನೋಡಿದ. ಕಾರ್ಡನ್ನು ಬಟ್ಟಲಿಗಿಳಿಸಿದ. ಅವಳು ಕಾಫಿ ಬಗ್ಗಿಸುವುದರೊಳಗೆ ಕಾರ್ಡು ಬಿಟ್ಟುಕೊಂಡಿತು.

“ಮುತ್ತಜ್ಜನ ಅಂಟು ಇಷ್ಟು ಬೇಗ ಬಿಡಲ್ಲ ಲೊರೇನ್. ಚೆಂಡು ಹಿಡಿಯೋ ಈ ಕ್ಯಾಚರ್‌ನ ಮೂಲೆ ಹರಿದ ಕಾರ್ಡನ್ನ ಫೆಬ್ರವರಿಯಲ್ಲೇ ಬಿಡಿಸಿದ್ದೆ.”

ಅವಳ ಮುಖ ಕಿವಿಯವರೆಗೂ ಕೆಂಪೇರಿತು. “ಹಾಳೆ ನೋಡಿದಾಗಲೇ ಗೊತ್ತಾಗಿತ್ತಾ? ಮತ್ತೆ ನೀರಿಗೆ ಯಾಕೆ ಹಾಕಿದ್ರಿ?”

“ಕಾಫಿ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ.” ಅವನು ತಲೆ ತಗ್ಗಿಸಿದ. “ಇನ್ನೊಂದು ಹೇಳ್ಬೇಕು, ಹೊಡೀಬಾರದು. ಹಾಳೆ ಹಾಳೆನೇ ಟಬ್ಬಿಗೆ ಹಾಕಿದ್ರೆ ಇಡೀ ಪುಸ್ತಕ ಒಂದು ಮಧ್ಯಾಹ್ನದ ಕೆಲಸ.”

“ಕಳ್ಳ!” ಟವೆಲ್ ಅವನ ಭುಜಕ್ಕೆ ಬಿತ್ತು.

“ನಾನಾ? ಹಳೇ ಕಾರ್ಡಿಗೆ ಹೊಸ ಅಂಟು ಹಚ್ಚಿದ ಮಹಾತಾಯಿ ಯಾರು? ಮೇಳದವರಿಗೆ ಗೊತ್ತಾದ್ರೆ ಊರು ಬಿಡಿಸ್ತಾರೆ!”

ನಗುತ್ತಲೇ ಕ್ಯಾಚರ್‌ನನ್ನು ಬ್ಲಾಟಿಂಗ್ ಪೇಪರಿನ ನಡುವೆ ಮಲಗಿಸಿ, ಮೇಲೆ ದಪ್ಪ ನಿಘಂಟನ್ನು ಇಟ್ಟರು. ಅವಳು ಅದರ ಮೇಲೆ ಕೈಯೂರಿದಳು. ಅವಳ ಕೈ ಮೇಲೆ ಅವನ ಕೈ. ನಿಘಂಟಿನ ಭಾರವೇ ಸಾಕಿತ್ತು. ಆದರೂ ಯಾರೂ ಕೈ ತೆಗೆಯಲಿಲ್ಲ.

“ನಾಳೆ ರಾತ್ರಿ ಊಟಕ್ಕೆ ಬಾ” ಎಂದಳು.

“ಬಿಡಿಸೋಕೆ ಏನಿದೆ?”

“ಏನೂ ಇಲ್ಲ. ಸುಮ್ಮನೆ ಬಾ.”