ಸೆಕೆಂಡಿಗೆ ಸಾವಿರ ಸಲ

ಅವಳು ಅವನ ಕುರ್ಚಿಯ ಕೈ ಮೇಲೆ ಕೂತು ನಗುತ್ತಿದ್ದಳು. ಖಾಲಿ ಕುರ್ಚಿಗಳು ಬೇಕಾದಷ್ಟಿದ್ದವು.

ಅವಳು ವಾಯ್ಸ್ ಕಾಲ್ ತಂಡದವಳು. ಅವನು ನನ್ನ ಸೀನಿಯರ್. ಸರ್ವರ್‌ಗಳ ಕಾಯಿಲೆ ಪತ್ತೆ ಹಚ್ಚುವುದರಿಂದ ಎಲ್ಲರ ಬಾಯಲ್ಲೂ ಡಾಕ್ಟರ್. ನಾನು ಎದುರು ಸಾಲಿನಲ್ಲಿ, ಮಾನಿಟರಿನ ಮರೆಯಲ್ಲಿ.

ಜಗಳ ಕರ್ನೆಲ್ ಟೈಮರಿನದು, ಅಂದರೆ ಸರ್ವರ್ ನಡೆಸುವ ಮೂಲ ತಂತ್ರಾಂಶದೊಳಗಿನ ಗಡಿಯಾರದ್ದು. ಸೆಕೆಂಡಿಗೆ ಎಷ್ಟು ಸಲ ಸರ್ವರ್ ತಲೆಯೆತ್ತಿ, ಈಗ ಯಾರ ಸರದಿ ಎಂದು ನೋಡಬೇಕು? ನೂರು ಸಾಕು, ಸುಮ್ಮಸುಮ್ಮನೆ ತಲೆಯೆತ್ತಿದರೆ ಕೆಲಸ ಕೆಡುತ್ತದೆ ಎಂದು ನಾನು ಬರೆದಿದ್ದೆ. ತನ್ನ ಕಾಲ್‌ಗಳಲ್ಲಿ ದನಿ ತುಂಡಾಗುತ್ತಿದೆ, ಸಾವಿರ ಬೇಕೇ ಬೇಕು ಎಂದಳು ಅವಳು. ಎರಡನ್ನೂ ಅಳೆದು ನೋಡಿ ಅಂತ ಅವನು ಹೇಳಿದ್ದು ನನಗೆ, ನಕ್ಕಿದ್ದು ಅವಳಿಗೆ.

ಸರ್ವರ್ ಹಾಗಿರಲಿ, ಅವತ್ತು ಸಂಜೆಯವರೆಗೂ ನಾನೇ ಸೆಕೆಂಡಿಗೆ ಸಾವಿರ ಸಲ ಆ ಮೇಜಿನ ಕಡೆ ತಲೆಯೆತ್ತಿದೆ.

ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತಿಗೆ ಕೇಳಿಯೇಬಿಟ್ಟರು. "ತಟ್ಟೆ ಮುಂದೆ ಕೂತು ಯಾರನ್ನೇ ಅಗೀತಿದ್ದೀಯ, ಹುಡುಗಿ?"

ಉತ್ತರವನ್ನು ಡೈರಿಗೆ ಮಾತ್ರ ಕೊಟ್ಟೆ.

ಮರುದಿನ ಮೊದಲು ನೂರನ್ನು, ಆಮೇಲೆ ಸಾವಿರದ ಹೊಸ ಕರ್ನೆಲ್ ಹಾಕಿ ಅಳೆದೆ. ಎರಡಕ್ಕೂ ಒಂದೇ ಫಲಿತಾಂಶ. ಸಾವಿರದಿಂದ ಎಳ್ಳಷ್ಟೂ ಪ್ರಯೋಜನವಿಲ್ಲ ಎಂದು ರಿಪೋರ್ಟ್ ಬರೆದು ಅವನಿಗೆ ಕಳಿಸಿದೆ. ಡಿಗ್ರಿ ಕೈಗೆ ಬಂದಾಗಲೂ ಅಷ್ಟು ಖುಷಿಯಾಗಿರಲಿಲ್ಲ.

ಮಧ್ಯಾಹ್ನ ಅವನು ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ.

"ಹೊಸ ಕರ್ನೆಲ್ ಹಾಕಿದ ಮೇಲೆ ರೀಬೂಟ್ ಮಾಡಿದ್ರಾ?"

ಮಾಡಿರಲಿಲ್ಲ. ರೀಬೂಟ್ ಆಗದೆ ಹೊಸ ಕರ್ನೆಲ್ ಕೆಲಸಕ್ಕೇ ಇಳಿಯುವುದಿಲ್ಲ. ನೂರನ್ನೇ ಎರಡು ಸಲ ಅಳೆದು, ಒಂದಕ್ಕೆ ಸಾವಿರ ಎಂದು ಹೆಸರಿಟ್ಟಿದ್ದೆ.

ಕಿವಿ ಬಿಸಿಯಾಯಿತು. ರಿಪೋರ್ಟನ್ನು ಬೇರೆ ಯಾರಿಗೂ ತೋರಿಸಿಲ್ಲವಂತೆ. ಇಂಥ ತಪ್ಪು ಮಾಡುವವರಲ್ಲ ನೀವು, ಏನಾಯ್ತು ಅಂತ ಮೆಲ್ಲಗೆ ಕೇಳಿದ. ಮರೆತೆ ಅಂದಿದ್ದರೆ ಮುಗಿಯುತ್ತಿತ್ತು.

"ಹೊಟ್ಟೆಕಿಚ್ಚು," ಅಂದೆ.

"ಯಾರ ಮೇಲೆ?"

"ನಿಮ್ಮ ಕುರ್ಚಿ ಕೈ ಮೇಲೆ ಕೂರೋರ ಮೇಲೆ."

ಅವನು ನನ್ನ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಅವನ ಕಿವಿಯೂ ಕೆಂಪಗಿತ್ತು.

ಇಬ್ಬರೂ ಸೇರಿ ರೀಬೂಟ್ ಮಾಡಿ ಅಳೆದೆವು. ಅವಳ ಸರ್ವರ್‌ಗಳಲ್ಲಿ ಸಾವಿರ ಇಟ್ಟಾಗ ದನಿ ಒಮ್ಮೆಯೂ ತುಂಡಾಗಲಿಲ್ಲ. ಉಳಿದವಕ್ಕೆ ನೂರೇ ಸರಿ. ಅವಳು ಗೆದ್ದಳು ಅಂತ ನನ್ನ ಕೈಯಾರೆ ಬರೆಯಬೇಕು. ಬೆರಳು ಕೀಬೋರ್ಡಿನ ಮೇಲೆ ಸುಮ್ಮನೆ ನಿಂತಿತು.

ಅವನು ಎದ್ದ. ಹೋಗುವ ಮುನ್ನ ಬಗ್ಗಿ, ನನಗಷ್ಟೇ ಕೇಳುವ ಹಾಗೆ ಹೇಳಿದ.

"ರಿಪೋರ್ಟ್ ತಿದ್ದು. ಕಾರಣ ಮಾತ್ರ ತಿದ್ದಬೇಡ."

ಆ ಕಡೆಯಿಂದ ಅವಳು ಅವನಿಗೆ ಕೈಬೀಸಿದಳು. ಅವನಿಗೆ ಅದು ಕಾಣಲಿಲ್ಲ, ನನ್ನನ್ನೇ ನೋಡುತ್ತಿದ್ದ. ನಾನು ಮಾತ್ರ ಮತ್ತೆ ಆ ಕಡೆ ತಲೆಯೆತ್ತಿ ನೋಡಿದೆ. ಹೊಟ್ಟೆಕಿಚ್ಚು ಅಷ್ಟು ಬೇಗ ಆರುತ್ತದೆಯೇ?