ಹೋಗುವಾಗ ಮೂರು ವೀಳ್ಯ, ಬರುವಾಗ ನಾಲ್ಕು

ಏಳು ಕೆರೆ, ಏಳು ಕಣಿವೆ ದಾಟಿದರೆ ಸೋಮಗಿರಿ ಎಂಬ ರಾಜ್ಯವಿತ್ತು. ಅಲ್ಲಿಂದ ಕಡಲ ತಡಿಯ ಅಲೆಯೂರಿಗೆ ನಡೆದರೆ ಹನ್ನೆರಡು ದಿನ. ಅರಮನೆಯ ದೊಡ್ಡ ಹದ್ದಿನ ಮೇಲೆ ಕೂತರೆ ಮೂರೋ ನಾಲ್ಕೋ ಗಳಿಗೆ.

ಅರಮನೆಯಲ್ಲಿ ಗಳಿಗೆ ಎಣಿಸಿ ಗಂಟೆ ಬಾರಿಸುವವನು ಮಾದಯ್ಯ. ಕೋರೆಸಿದ್ಧನೆಂಬ ಮಾಂತ್ರಿಕ ಬಂದು, "ನನ್ನ ಹೋಮ ಮುಗಿಯುವ ತನಕ ಸಂಜೆಯ ಗಂಟೆ ಬಾರಿಸಬೇಡ" ಎಂದ. ಮಾದಯ್ಯ ಹೊತ್ತಿಗೆ ಸರಿಯಾಗಿ ಬಾರಿಸಿದ. ಬಾರಿಸಿ ಅಂಗಳಕ್ಕೆ ಇಳಿದವನನ್ನು ಸಿದ್ಧ ನಿಂತಲ್ಲೇ ಕಲ್ಲು ಮಾಡಿದ.

ಹೆಂಡತಿ ನೀಲವ್ವ ಕಾಲಿಗೆ ಬಿದ್ದಳು. ಸಿದ್ಧ ನಕ್ಕ. "ಅಲೆಯೂರ ಕೊಳದ ನೀರು ತಂದು ಸುರಿ, ಏಳುತ್ತಾನೆ. ತುಂಬಿಸಿ ಮೂರು ಗಳಿಗೆ ದಾಟಿತೋ, ಅದು ಬರೀ ನೀರು. ಮೂರು ದಿನದೊಳಗೆ ಎದ್ದರೆ ನಾನು ಕಲ್ಲಾಗುತ್ತೇನೆ. ಏಳದಿದ್ದರೆ ಅವನು ಕಲ್ಲೇ." ಸೋಲುವುದಿಲ್ಲವೆಂದು ಗೊತ್ತಿರುವವರು ಹೀಗೇ ಧಾರಾಳವಾಗಿ ಮಾತಾಡುತ್ತಾರೆ.

ಮೊದಲನೇ ದಿನ ಬೆಳಗ್ಗೆ ನೀಲವ್ವ ಹದ್ದನ್ನೇರಿದಳು. ಅವಳು ಒಂದು ವೀಳ್ಯ ಹಾಕಿ ಅಗಿದು ಮುಗಿಸಿದರೆ ಸರಿಯಾಗಿ ಒಂದು ಗಳಿಗೆ. ಹೋಗುವಾಗ ಮೂರು ವೀಳ್ಯವಾಯಿತು. ನೀರು ತುಂಬಿಸಿ ಹೊರಟರೆ ಬರುವಾಗ ನಾಲ್ಕು. ಕಲ್ಲು ಒದ್ದೆಯಾಯಿತು, ಅಷ್ಟೇ.

ಎರಡನೇ ದಿನ ಹದ್ದಿನ ಜೀನು, ಬೆಳ್ಳಿ ಗೆಜ್ಜೆ ಎಲ್ಲ ಬಿಚ್ಚಿಟ್ಟಳು. ಬರುವಾಗ ಮೂರೂವರೆ. ಕಲ್ಲು ಮತ್ತೆ ಒದ್ದೆಯಾಯಿತು. ನೀಲವ್ವ ಅದನ್ನು ತಬ್ಬಿಕೊಂಡು ಅತ್ತಳು.

ಮೂರನೇ ದಿನ ಕೊಳದ ದಡದಲ್ಲಿ ಕೊಡ ಇಟ್ಟುಕೊಂಡು ಯೋಚಿಸಿದಳು. ದೂರ ಅಷ್ಟೇ, ಹದ್ದೂ ಅದೇ. ಹಾಗಾದರೆ ಬರುವಾಗ ಮಾತ್ರ ತಡವೇಕೆ? ಅಲ್ಲೇ ಬಲೆ ಹೆಣೆಯುತ್ತಿದ್ದ ಮುದುಕಿಯೊಬ್ಬಳನ್ನು ಕೇಳಿದಳು.

"ಗಾಳಿ ಕಣವ್ವ," ಎಂದಳು ಮುದುಕಿ. "ಬೆಳಗ್ಗೆ ಕಡಲ ಕಡೆಗೆ ಬೀಸ್ತದೆ, ದೋಣಿ ಹೋಗ್ತವೆ. ಮಧ್ಯಾಹ್ನದ ಮೇಲೆ ತಿರುಗ್ತದೆ, ದೋಣಿ ಬರ್ತವೆ."

ನೀಲವ್ವ ಕೊಡ ತುಂಬಿಸದೆ ಸುಮ್ಮನೆ ಕೂತಳು. ಹದ್ದಿಗೆ ಸಿಟ್ಟು ಬಂತು.

"ಹೊರಡು ನೀಲವ್ವ. ಅರಮನೆಯ ಹಕ್ಕಿಗಳು ಮಧ್ಯಾಹ್ನದ ಮೇಲೆ ಹಾರೋದಿಲ್ಲ. ನಮ್ಮಜ್ಜನ ಕಾಲದಿಂದ ಬಂದ ಪದ್ಧತಿ."

"ಯಾಕಂತೆ?"

"ಉಂಡು ಮಲಗಬೇಕು."

"ಒಂದೇ ಒಂದು ದಿನ ನಿದ್ದೆ ಬಿಡಪ್ಪ. ನನ್ನ ಗಂಡ ಇವತ್ತು ಏಳದಿದ್ದರೆ ಇನ್ನು ಏಳೋದೇ ಇಲ್ಲ."

ಹದ್ದು ಗೊಣಗಿತು, ಆದರೆ ಹಾರಿಹೋಗಲಿಲ್ಲ. ಹೊತ್ತು ನೆತ್ತಿ ದಾಟಿತು. ನೀಲವ್ವನಿಗೆ ಕಡೆಯ ದಿನವನ್ನು ಕೈಯಾರೆ ಕಳೆದೆನೇನೋ ಎನಿಸಿತು. ಅಷ್ಟರಲ್ಲಿ ದೋಣಿಗಳ ಹಾಯಿ ದಡದ ಕಡೆಗೆ ಉಬ್ಬಿದವು. ಕೂಡಲೇ ಕೊಡ ಮುಳುಗಿಸಿ ಹದ್ದನ್ನೇರಿದಳು. ಬೆನ್ನಿಗೆ ಗಾಳಿ ಬಿದ್ದ ಹದ್ದು ರೆಕ್ಕೆ ಬಡಿಯಬೇಕಾದದ್ದೂ ಕಡಿಮೆಯೇ.

ಅರಮನೆಯಂಗಳಕ್ಕೆ ಇಳಿದಾಗ ಮೂರನೇ ವೀಳ್ಯ ಇನ್ನೂ ಬಾಯಲ್ಲೇ ಇತ್ತು. ನೀರು ಸುರಿದಳು. ಕಲ್ಲು ಮೆತ್ತಗಾಯಿತು, ಬೆಚ್ಚಗಾಯಿತು, ಮಾದಯ್ಯನಾಯಿತು. ಬಾಗಿಲಲ್ಲಿ ನಗುತ್ತ ನಿಂತಿದ್ದ ಕೋರೆಸಿದ್ಧ ನಗುತ್ತಿದ್ದ ಹಾಗೆಯೇ ಕಲ್ಲಾದ.

"ಸಂಜೆ ಗಂಟೆ ಹೊಡೀಬೇಕಲ್ಲ, ಎಷ್ಟಾಯ್ತು ಹೊತ್ತು?" ಎಂದ ಮಾದಯ್ಯ. ನೀಲವ್ವ ಬಾಯಿ ತುಂಬ ಎಲೆ ಇಟ್ಟುಕೊಂಡು, ಅಳುತ್ತ, ಅವನ ಕೈ ಹಿಡಿದು ಗಂಟೆಯ ಬಳಿಗೆ ಕರೆದೊಯ್ದಳು.

ಆಮೇಲೆ ಇಬ್ಬರೂ ನೂರು ಕಾಲ ಸುಖವಾಗಿ ಬಾಳಿದರು. ಸೋಮಗಿರಿಯಲ್ಲಿ ಈಗಲೂ ಅಲೆಯೂರು ಎಷ್ಟು ಹೊತ್ತಿನ ದಾರಿ ಎಂದು ಕೇಳಿ ನೋಡಿ. "ಹೋಗೋಕೋ, ಮನೆಗೆ ಬರೋಕೋ?" ಎಂದು ಮೊದಲು ನಿಮ್ಮನ್ನೇ ಕೇಳುತ್ತಾರೆ.